ಹಿಂತಿರುಗಿ ಬರುವೆನೆಂಬ ಮಾತು

ಕಳೆದ ಚಳಿಗಾಲದ ಒಂದು ಭಾನುವಾರ ಎರಡನೆಯ ಬಲಿಪೂಜೆ ಮುಗಿದು, ಜನರೆಲ್ಲ ಚದುರಿದ ಮೇಲೆ, ನಮ್ಮ ಧರ್ಮಕೇಂದ್ರದ ಒಬ್ಬ ಯುವಕ ಗುರುನಿವಾಸದ ಜಗಲಿಗೆ ಬಂದು ಕುಳಿತನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಆತ ಅಕ್ಟೋಬರ್ ತಿಂಗಳಲ್ಲಿ ಮೂವರು ಸ್ನೇಹಿತರೊಡನೆ ನೇಪಾಳಕ್ಕೆ ಹೋಗಿ, ಅನ್ನಪೂರ್ಣಾ ಪರ್ವತಸಮೂಹವನ್ನು ಬಳಸಿ ಸಾಗುವ ದೀರ್ಘ ಕಾಲ್ನಡಿಗೆಯ ಹಾದಿಯನ್ನು ಕ್ರಮಿಸಿ ಬಂದಿದ್ದನು. ಮೊಬೈಲಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದನು. ಹಿಮದ ಶಿಖರಗಳು, ಕಲ್ಲಿನ ಮನೆಗಳ ಹಳ್ಳಿಗಳು, ಗಾಳಿಗೆ ಹಾರುವ ಪ್ರಾರ್ಥನೆಯ ಬಾವುಟಗಳು. ಕೊನೆಗೆ ಒಂದು ಚಿತ್ರದ ಬಳಿ ಬೆರಳು ನಿಂತಿತು. ಹಣೆಗೆ ಪಟ್ಟಿ ಬಿಗಿದು, ಬೆನ್ನ ಮೇಲೆ ಎರಡು ದೊಡ್ಡ ಚೀಲಗಳನ್ನು ಹೊತ್ತು ನಿಂತಿದ್ದ, ಸುಮಾರು ಮೂವತ್ತರ ಪ್ರಾಯದ ಒಬ್ಬ ಹೊರೆಯಾಳಿನ ಚಿತ್ರ ಅದು.

"ಫಾದರ್, ಇವರು ನಮ್ಮ ಪೋರ್ಟರ್. ಘಟ್ಟ ದಾಟುವುದಕ್ಕೆ ಎರಡು ದಿನ ಇರುವಾಗ ಇವರಿಗೆ ತಲೆನೋವು, ವಾಂತಿ ಶುರುವಾಯಿತು. ಗೈಡ್ ಕೆಳಗೆ ಇಳಿಯಲು ಹೇಳಿದರು. ಅಲ್ಲಿಯವರೆಗಿನ ಕೂಲಿ ಕೊಟ್ಟು, ಮೇಲೆ ಮೂರು ದಿನದ ಕೂಲಿಯನ್ನೂ ಸೇರಿಸಿಕೊಟ್ಟು ಕಳಿಸಿದೆವು. ಬೇರೆಯವರು ಸಿಕ್ಕಿದರು. ನಾವು ಮುಂದೆ ಹೋದೆವು. ಅವರು ಒಬ್ಬರೇ ಇಳಿದು ಹೋದರು. ಆಮೇಲೆ ಏನಾದರೆಂದು ಗೊತ್ತಿಲ್ಲ. ನಾವು ಮಾಡಿದ್ದು ತಪ್ಪೇ, ಫಾದರ್?"

ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಜಗಲಿಯ ಮೇಲೆ ಹಗಲು ಬೆಳಕಿನಲ್ಲಿ ಕೇಳಿದ ಪ್ರಶ್ನೆ. ಆತನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಆ ದಿನ ನಾನು ಕೊಟ್ಟ ಉತ್ತರ ಸುಲಭವಾಗಿತ್ತು: "ನ್ಯಾಯವಾದ ಕೂಲಿಗಿಂತ ಹೆಚ್ಚೇ ಕೊಟ್ಟಿದ್ದೀರಿ. ಕೆಳಗೆ ಇಳಿಸಿದ್ದು ಸರಿಯಾದ ಚಿಕಿತ್ಸೆಯೇ. ಮನಸ್ಸಿಗೆ ಹಚ್ಚಿಕೊಳ್ಳಬೇಡ." ಆತ ತಲೆಯಾಡಿಸಿ ಹೊರಟುಹೋದನು. ಆದರೆ ಆ ಉತ್ತರ ನನ್ನನ್ನೇ ಸಮಾಧಾನಪಡಿಸಲಿಲ್ಲ. ರಾತ್ರಿ ಜಪಸರ ಹಿಡಿದು ಕುಳಿತಾಗಲೂ, ಹಣೆಪಟ್ಟಿ ಬಿಗಿದ ಆ ಮುಖ ಎದುರಿಗೆ ನಿಂತಿತ್ತು.

ಆ ಹಾದಿ

ಆ ಹಾದಿಯನ್ನು ನಾನು ಕಾಲಿನಿಂದ ಅಳೆದವನಲ್ಲ. ಓದಿ, ಕೇಳಿ ತಿಳಿದವನು. 1977ರಲ್ಲಿ ವಿದೇಶೀಯರಿಗೆ ತೆರೆದ ಆ ಹಾದಿಯು ಮರ್ಸ್ಯಾಂಗ್ದಿ ನದಿಯ ಕಣಿವೆಯನ್ನು ಹಿಡಿದು ಮೇಲೇರುತ್ತದೆ. ಕೆಳಗೆ ಬೇಸಿಶಹರದ ಸುತ್ತ ಮೆಟ್ಟಿಲುಮೆಟ್ಟಿಲಾದ ಭತ್ತದ ಗದ್ದೆಗಳು. ಚಾಮೆ, ಪಿಸಾಂಗ್ ಎಂಬ ಊರುಗಳ ಹೊತ್ತಿಗೆ ಪೈನ್ ಮರಗಳ ಕಾಡು. ಸುಮಾರು 3,540 ಮೀಟರ್ ಎತ್ತರದ ಮನಾಂಗ್ ಊರಿಗೆ ಬರುವಾಗ ಬೋಳು ಬೆಟ್ಟ, ಮಟ್ಟಸ ಮಾಳಿಗೆಯ ಕಲ್ಲುಮನೆಗಳು. ಅಲ್ಲಿಂದ ಮೇಲೆ ಥೊರಾಂಗ್ ಲಾ. ಟಿಬೆಟಿಯನ್ ನುಡಿಯಲ್ಲಿ 'ಲಾ' ಎಂದರೆ ಬೆಟ್ಟಗಳ ನಡುವಣ ಘಟ್ಟದ ದಾರಿ. ಅದರ ಎತ್ತರ 5,416 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ಮೂರು ಪಟ್ಟಿಗೆ ಹತ್ತಿರ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಸುಮಾರು ಅರ್ಧದಷ್ಟು ಮಾತ್ರ. ಘಟ್ಟದ ಆಚೆಗೆ ಇಳಿದರೆ ಮುಕ್ತಿನಾಥ. ಹಿಂದೂಗಳಿಗೂ ಬೌದ್ಧರಿಗೂ ಪವಿತ್ರವಾದ ಕ್ಷೇತ್ರ ಅದು. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮ ಶಿಲೆಗಳು ದೊರೆಯುವ ಕಾಳಿಗಂಡಕಿ ನದಿ ಅದರ ಕೆಳಗಣ ಕಣಿವೆಯಲ್ಲೇ ಹರಿಯುತ್ತದೆ. ಆದುದರಿಂದ ಕರ್ನಾಟಕದ ಯಾತ್ರಿಕರಿಗೂ ಮುಕ್ತಿನಾಥದ ಹೆಸರು ಹೊಸದಲ್ಲ.

ಅಷ್ಟು ಎತ್ತರದಲ್ಲಿ ದೇಹಕ್ಕೆ ತನ್ನದೇ ಆದ ನಿಯಮವಿದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ, ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ನಿಂತು ವಿಶ್ರಮಿಸಬೇಕು. ಇದನ್ನು ಮೀರಿದರೆ ತಲೆನೋವು, ವಾಕರಿಕೆ, ನಿದ್ರಾಹೀನತೆ. ಉಲ್ಬಣಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಬಾತುಕೊಳ್ಳಬಹುದು. ಆಗ ತಡಮಾಡದೆ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಆದರೆ ಮಿದುಳಿಗೆ ತಗುಲಿದ ರೋಗಿಯು ಕುಡಿದವನಂತೆ ತೂರಾಡುತ್ತಾನೆ, ದಾರಿ ತಪ್ಪುತ್ತಾನೆ, ಕುಳಿತಲ್ಲೇ ಕುಳಿತುಬಿಡುತ್ತಾನೆ. ಆದುದರಿಂದಲೇ ರೋಗಿಯನ್ನು ಒಬ್ಬಂಟಿಯಾಗಿ ಕೆಳಗೆ ಕಳಿಸಬಾರದು ಎಂಬುದು ಪರ್ವತವೈದ್ಯರ ಮೊದಲ ಎಚ್ಚರಿಕೆಗಳಲ್ಲಿ ಒಂದು.

ಹೊರೆಯಾಳುಗಳು ಬೆಟ್ಟದ ಮಕ್ಕಳು, ಅವರಿಗೆ ಈ ಕಾಯಿಲೆ ಬಾರದು ಎಂದು ನಾವು ಭಾವಿಸುತ್ತೇವೆ. ಇದು ತಪ್ಪು. ಅವರಲ್ಲಿ ಬಹಳಷ್ಟು ಮಂದಿ ತಗ್ಗಿನ ಕಣಿವೆಗಳ ಬಡರೈತರು. ಎತ್ತರವು ನಮ್ಮನ್ನು ಪೀಡಿಸುವಂತೆಯೇ ಅವರನ್ನೂ ಪೀಡಿಸುತ್ತದೆ. ಮೇಲಾಗಿ ಅವರ ಬೆನ್ನಿನ ಮೇಲೆ ನಮ್ಮ ಹೊರೆಯೂ ಇರುತ್ತದೆ. ನೇಪಾಳದ ಹೊರೆಯಾಳುಗಳನ್ನು ಕುರಿತು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂತೆಗೆ ಸರಕು ಒಯ್ಯುವ ಗಂಡಸರು ಸರಾಸರಿಯಲ್ಲಿ ತಮ್ಮ ದೇಹತೂಕದ ಶೇಕಡಾ 93ರಷ್ಟು ಭಾರವನ್ನು ಹೊರುತ್ತಿದ್ದರೆಂದು ಕಂಡುಬಂದಿತು. 1997ರಲ್ಲಿ ಎತ್ತರದ ಕಾಯಿಲೆಗೆ ತುತ್ತಾದ ಒಬ್ಬ ತರುಣ ಹೊರೆಯಾಳನ್ನು ಅವನ ಕೂಲಿ ಲೆಕ್ಕ ಚುಕ್ತಾ ಮಾಡಿ ಒಬ್ಬನೇ ಇಳಿದುಹೋಗಲು ಬಿಡಲಾಯಿತು, ಅವನು ಸತ್ತನು. ಆ ಸಾವಿನ ನೋವಿನಿಂದಲೇ ಹೊರೆಯಾಳುಗಳ ರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿತು. ಇದನ್ನು ಓದಿದ ಮೇಲೆ, ಜಗಲಿಯ ಮೇಲೆ ನಾನು ಕೊಟ್ಟ ಉತ್ತರ ಎಷ್ಟು ಹಗುರವಾಗಿತ್ತೆಂಬುದು ನನಗೆ ಅರಿವಾಯಿತು.

ಹಿಮದಲ್ಲಿ ಸಿಕ್ಕ ಸಾಧು

ಈ ಹಾದಿಯ ಬಗ್ಗೆಯೇ ನೀತಿಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಚರ್ಚಿತವಾಗುವ ಒಂದು ನಿಜಘಟನೆಯಿದೆ. 1982ರಲ್ಲಿ ಬೊವೆನ್ ಮೆಕಾಯ್ ಎಂಬ ಅಮೆರಿಕದ ಹಣಕಾಸು ಸಂಸ್ಥೆಯೊಂದರ ಉನ್ನತಾಧಿಕಾರಿ, ಕೆಲಸದಿಂದ ಕೆಲವು ತಿಂಗಳ ಬಿಡುವು ಪಡೆದು ನೇಪಾಳದಲ್ಲಿ ನಡೆಯುತ್ತಿದ್ದರು. ಜೊತೆಗೆ ಮಾನವಶಾಸ್ತ್ರಜ್ಞರಾದ ಸ್ಟೀಫನ್ ಎಂಬ ಸ್ನೇಹಿತರು, ಪಸಂಗ್ ಎಂಬ ಶೆರ್ಪಾ ಮುಖಂಡ, ಕೆಲವು ಹೊರೆಯಾಳುಗಳು. ಮುಕ್ತಿನಾಥಕ್ಕೆ ಇಳಿಯುವ ಆ ಎತ್ತರದ ಘಟ್ಟವನ್ನು ಅವರು ಬೆಳಗ್ಗೆಯೇ ದಾಟಬೇಕಿತ್ತು. ಬಿಸಿಲೇರಿದರೆ ಮಂಜುಗಡ್ಡೆಯಲ್ಲಿ ಕಡಿದ ಮೆಟ್ಟಿಲುಗಳು ಕರಗಿಹೋಗುವ ಭಯವಿತ್ತು. ಅದೇ ದಿನ ನ್ಯೂಜಿಲೆಂಡಿನ ಒಂದು ತಂಡ ಅವರಿಗಿಂತ ಮುಂದಿತ್ತು. ಸ್ವಿಸ್ ಮತ್ತು ಜಪಾನೀ ತಂಡಗಳೂ ಅದೇ ದಾರಿಯಲ್ಲಿದ್ದವು.

ಸುಮಾರು ಹದಿನೈದೂವರೆ ಸಾವಿರ ಅಡಿಯಲ್ಲಿ ಇವರು ನಿಂತಿದ್ದಾಗ, ಮುಂದೆ ಹೋಗಿದ್ದ ನ್ಯೂಜಿಲೆಂಡಿನವನೊಬ್ಬ ಒಂದು ದೇಹವನ್ನು ಹೊತ್ತು ಇಳಿದು ಬಂದನು. ಅದು ಬರಿಗಾಲಿನ, ಮೈಮೇಲೆ ಬಟ್ಟೆಯೇ ಇಲ್ಲವೆನ್ನಬಹುದಾದ, ಚಳಿಯಿಂದ ಮರಗಟ್ಟಿದ ಒಬ್ಬ ಭಾರತೀಯ ಸಾಧುವಿನದು. ಮುಕ್ತಿನಾಥದ ಯಾತ್ರೆ ಮುಗಿಸಿ ಮರಳುತ್ತಿದ್ದವನಿರಬೇಕು. ನ್ಯೂಜಿಲೆಂಡಿನವನು ಸಾಧುವನ್ನು ಇವರ ಮುಂದೆ ಇಳಿಸಿ, ತನ್ನ ಕೈಲಾದುದನ್ನು ಮಾಡಿದ್ದಾಯಿತು, ನಿಮ್ಮಲ್ಲಿ ಹೊರೆಯಾಳುಗಳಿದ್ದಾರೆ, ಇನ್ನು ನೀವು ನೋಡಿಕೊಳ್ಳಿ ಎಂದು ಹೇಳಿ ಹಿಂದಿರುಗಿದನು. ಸ್ಟೀಫನ್ ಮತ್ತು ಸ್ವಿಸ್ ತಂಡದವರು ತಮ್ಮ ಚೀಲಗಳಿಂದ ಬಟ್ಟೆ ತೆಗೆದು ಸಾಧುವಿಗೆ ಅಡಿಯಿಂದ ಮುಡಿಯವರೆಗೆ ತೊಡಿಸಿದರು. ಮೆಕಾಯ್ ಮೇಲಕ್ಕೆ ಹೊರಟರು. ಜಪಾನೀಯರ ಬಳಿ ಕುದುರೆಯಿತ್ತು, ಅದರ ಮೇಲೆ ಸಾಧುವನ್ನು ಕೆಳಗಿನ ಗುಡಿಸಲಿಗೆ ಸಾಗಿಸಿರೆಂದು ಸ್ಟೀಫನ್ ಕೇಳಿದಾಗ ಅವರು ಒಪ್ಪಲಿಲ್ಲ, ಅನ್ನಪಾನ ಕೊಟ್ಟರು. ಹೊರೆಯಾಳುಗಳು ಹೊತ್ತು ಇಳಿಸಲಿ ಎಂದರೆ, ಮತ್ತೆ ಹತ್ತಿ ಘಟ್ಟ ದಾಟಲು ಅವರಿಗೆ ಶಕ್ತಿ ಉಳಿಯದೆಂದು ಪಸಂಗ್ ತಡೆದನು. ಕೊನೆಗೆ ಶೆರ್ಪಾಗಳು ಸಾಧುವನ್ನು ಸ್ವಲ್ಪ ಕೆಳಗೆ ಬಿಸಿಲು ಬೀಳುವ ಒಂದು ಬಂಡೆಯ ಬಳಿಗೆ ಒಯ್ದು ಕೂರಿಸಿ, ಇನ್ನೂ ಐನೂರು ಅಡಿ ಕೆಳಗಿದ್ದ ಗುಡಿಸಲನ್ನು ಕೈ ತೋರಿಸಿ ಬಂದರು. ಕಡೆಯ ಬಾರಿ ಕಂಡಾಗ ಆ ಸಾಧು ತನ್ನನ್ನು ಹೆದರಿಸಿದ್ದ ನಾಯಿಯತ್ತ ಸೋತ ಕೈಯಿಂದ ಕಲ್ಲೆಸೆಯುತ್ತಿದ್ದನು. ಅವನು ಬದುಕಿದನೋ ಸತ್ತನೋ, ಅವರಲ್ಲಿ ಯಾರಿಗೂ ತಿಳಿಯಲೇ ಇಲ್ಲ.

ಘಟ್ಟದ ತುದಿ ತಲುಪಿ ಅಭಿನಂದಿಸಲು ಬಂದ ಮೆಕಾಯ್‌ಗೆ ಸ್ಟೀಫನ್ ಕೇಳಿದ ಪ್ರಶ್ನೆ ಕಠಿಣವಾಗಿತ್ತು: ಸಹಮಾನವನ ಸಾವಿಗೆ ಪಾಲುದಾರನಾಗಿ ಈಗ ಹೇಗನ್ನಿಸುತ್ತಿದೆ ಎಂದು. ಅದೇ ಸ್ಥಳದಲ್ಲಿ ಬಿದ್ದಿದ್ದವಳು ಸಿರಿವಂತ ಪಾಶ್ಚಾತ್ಯ ಮಹಿಳೆಯಾಗಿದ್ದರೆ ಹೀಗೆಯೇ ಮಾಡುತ್ತಿದ್ದೆವೇ ಎಂಬುದೂ ಅವರ ವಾದದಲ್ಲಿತ್ತು. ಮೆಕಾಯ್ 1983ರಲ್ಲಿ ಈ ಪ್ರಸಂಗವನ್ನು 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿ ಬರೆದು, ತಮ್ಮ ತಪ್ಪನ್ನು ತಾವೇ ಲೋಕದ ಮುಂದಿಟ್ಟರು. ಯಾರೂ ಆಪಾದಿಸದಿದ್ದ ತಪ್ಪನ್ನು ಹೀಗೆ ತಾನಾಗಿ ಒಪ್ಪಿಕೊಳ್ಳುವುದೂ ಒಂದು ಬಗೆಯ ನಿವೇದನೆಯೇ. ಅವರ ಮೇಲೆ ಕಲ್ಲೆತ್ತುವ ಅರ್ಹತೆ ನನಗಿಲ್ಲ.

ಪಸಂಗನ ಭಯವೂ ಪೊಳ್ಳಲ್ಲ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ದಡ ಮುಟ್ಟಿದ ಹುಡ್‌ಹುಡ್ ಚಂಡಮಾರುತದ ಶೇಷ ಉತ್ತರಕ್ಕೆ ಸರಿದು, ಎರಡೇ ದಿನಗಳಲ್ಲಿ ಇದೇ ಥೊರಾಂಗ್ ಲಾದ ಸುತ್ತ ಭಾರೀ ಹಿಮವಾಗಿ ಸುರಿಯಿತು. ಚಾರಣಿಗರು, ಮಾರ್ಗದರ್ಶಿಗಳು, ಹೊರೆಯಾಳುಗಳು ಸೇರಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೇಪಾಳಿಗಳೂ ಭಾರತೀಯರೂ ಇದ್ದರು. ಆ ಘಟ್ಟದಲ್ಲಿ ತಡಮಾಡುವುದು ಪ್ರಾಣದ ಪ್ರಶ್ನೆ. ಅಸಾಧ್ಯವಾದುದಕ್ಕೆ ಯಾರೂ ಬದ್ಧರಲ್ಲವೆಂಬುದು ನಮ್ಮ ನೀತಿಶಾಸ್ತ್ರದ ಹಳೆಯ ಸೂತ್ರ. ಇತರರ ಜೀವಕ್ಕಾಗಿ ತನ್ನ ಜೀವ ತೆರುವುದು ಸಂತರ ಮಾರ್ಗ; ಅದನ್ನು ಪ್ರತಿಯೊಬ್ಬರ ಮೇಲೂ ಕಟ್ಟುಪಾಡಾಗಿ ಹೇರಲಾಗದು.

ಹಾಗಾದರೆ ಎಡವಿದ್ದು ಎಲ್ಲಿ? ಆ ಪ್ರಸಂಗದಲ್ಲಿ ಕ್ರೂರಿ ಎಂಬುವನು ಒಬ್ಬನೂ ಇಲ್ಲ. ಒಬ್ಬ ಹೊತ್ತು ತಂದನು, ಒಬ್ಬರು ಉಡಿಸಿದರು, ಒಬ್ಬರು ಉಣಿಸಿದರು, ಒಬ್ಬರು ದಾರಿ ತೋರಿದರು. ಎಲ್ಲರೂ ತಮ್ಮ ತಮ್ಮ ಪಾಲನ್ನು ಸಲ್ಲಿಸಿದರು. ಆದರೆ ಆ ಪಾಲುಗಳೆಲ್ಲ ಸೇರಿದರೂ ಒಂದು ರಕ್ಷಣೆಯಾಗಲಿಲ್ಲ.

ಎರಡು ದಿನಾರಿ ಮತ್ತು ಒಂದು ಮಾತು

ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ದಯಾಳು ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಅದೂ ಬೆಟ್ಟದ ಹಾದಿಯ ಕಥೆಯೇ. ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದ ಜೆರುಸಲೇಮಿನಿಂದ, ಸಮುದ್ರಮಟ್ಟಕ್ಕಿಂತಲೂ ಸುಮಾರು 250 ಮೀಟರ್ ತಗ್ಗಿನಲ್ಲಿರುವ ಜೆರಿಕೋವಿಗೆ ಇಳಿಯುವ ನಿರ್ಜನ ದಾರಿ ಅದು. ಈ ಸಾಮತಿಯನ್ನು ಕುರಿತು ನಾನು ಎಷ್ಟೋ ಬಾರಿ ಪ್ರಬೋಧನೆ ನೀಡಿದ್ದೇನೆ. ಪ್ರತಿ ಬಾರಿಯೂ, ಪಕ್ಕಕ್ಕೆ ಸರಿದು ಹೋದ ಯಾಜಕ ಮತ್ತು ಲೇವಿಯರಿಗೂ, ನಿಂತು ನೆರವಾದ ಸಮಾರಿಯದವನಿಗೂ ಇರುವ ವ್ಯತ್ಯಾಸವನ್ನೇ ಒತ್ತಿ ಹೇಳಿದ್ದೇನೆ. ಆ ಯುವಕನ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮತ್ತೆ ಓದಿದಾಗ, ಕಥೆಯ ಕೊನೆಯಲ್ಲಿ ಹಿಂದೆಂದೂ ನಿಂತು ನೋಡದಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು.

ಸಮಾರಿಯದವನು ಗಾಯಾಳುವಿನ ಬಳಿ ಕೊನೆಯವರೆಗೂ ಉಳಿಯಲಿಲ್ಲ. ಒಂದು ರಾತ್ರಿ ಛತ್ರದಲ್ಲಿ ಆರೈಕೆ ಮಾಡಿ, ಮರುದಿನ ತನ್ನ ಪ್ರಯಾಣ ಮುಂದುವರಿಸಿದನು. ಅವನಿಗೂ ತಲುಪಬೇಕಾದ ಊರೊಂದಿತ್ತು. ಛತ್ರದವನ ಕೈಗೆ ಎರಡು ದಿನಾರಿ ನಾಣ್ಯ ಕೊಟ್ಟನು. ಒಂದು ದಿನಾರಿ ಎಂದರೆ ಅಂದಿನ ಕೂಲಿಯಾಳಿನ ಒಂದು ದಿನದ ಕೂಲಿ ಎಂಬುದು ಸಂತ ಮತ್ತಾಯರ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯಿಂದ ನಮಗೆ ತಿಳಿದಿದೆ. ಹಾಗಾದರೆ ಸಮಾರಿಯದವನು ಕೊಟ್ಟದ್ದು ಎರಡು ದಿನದ ಕೂಲಿ. ನಮ್ಮ ಯುವಕ ಮತ್ತು ಅವನ ಸ್ನೇಹಿತರು ಹೆಚ್ಚುವರಿಯಾಗಿ ಕೊಟ್ಟದ್ದು ಮೂರು ದಿನದ ಕೂಲಿ! ಹಣದ ಲೆಕ್ಕದಲ್ಲಿ ಇವರು ಸಮಾರಿಯದವನನ್ನೂ ಮೀರಿಸಿದ್ದರು.

ಆದರೆ ಸಮಾರಿಯದವನು ಹಣದ ಜೊತೆಗೆ ಒಂದು ಮಾತನ್ನೂ ಕೊಟ್ಟನು. ಇದಕ್ಕಿಂತ ಹೆಚ್ಚು ಖರ್ಚಾದರೆ, ಹಿಂತಿರುಗಿ ಬರುವಾಗ ತಾನೇ ತೀರಿಸುವುದಾಗಿ ಹೇಳಿದನು. ಎಲ್ಲ ವ್ಯತ್ಯಾಸವೂ ಇರುವುದು ಇಲ್ಲಿಯೇ. ಕೂಲಿ ಕೊಟ್ಟು ಕಳಿಸುವಾಗ ನಾವು ಲೆಕ್ಕ ಮುಗಿಸುತ್ತೇವೆ. ಸಮಾರಿಯದವನು ಲೆಕ್ಕವನ್ನು ತೆರೆದೇ ಇಟ್ಟನು. ನಾವು ಹಣ ಕೊಡುವುದು ಎಷ್ಟೋ ಬಾರಿ ಸಂಬಂಧವನ್ನು ಉಳಿಸಿಕೊಳ್ಳಲು ಅಲ್ಲ, ಅದರಿಂದ ಗೌರವಯುತವಾಗಿ ಬಿಡುಗಡೆ ಹೊಂದಲು. ಸಮಾರಿಯದವನ ನಾಣ್ಯಗಳಾದರೋ ಅವನನ್ನು ಆ ಗಾಯಾಳುವಿಗೆ ಇನ್ನಷ್ಟು ಕಟ್ಟಿಹಾಕಿದವು. ಇನ್ನೊಬ್ಬರ ಕೈಗೆ ಒಪ್ಪಿಸುವುದು ತಪ್ಪಲ್ಲ, ಅವನೂ ಒಪ್ಪಿಸಿದನು. ಒಪ್ಪಿಸಿದ ಮೇಲೆ ಮರಳಿ ಕೇಳದಿರುವುದು ತಪ್ಪು. ಹಿಮದ ಆ ಘಟ್ಟದಲ್ಲಿ ಸಾಧುವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಹಿಂತಿರುಗಿ ಬರುವೆನೆಂಬ ಮಾತನ್ನು ಮಾತ್ರ ಯಾರೂ ಆಡಲಿಲ್ಲ.

ಮಾಡಿದ ಪಾಪಗಳಿಗಾಗಿ ಮಾತ್ರವಲ್ಲ, ಮಾಡದೆ ಬಿಟ್ಟುದಕ್ಕಾಗಿಯೂ ನಾವು ಪ್ರತಿ ಬಲಿಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು ಕ್ಷಮೆ ಬೇಡುತ್ತೇವೆ. ಕರ್ತವ್ಯಲೋಪವೆಂದರೆ ಮಾಡಬಹುದಾಗಿದ್ದ ಎಲ್ಲ ಒಳಿತನ್ನೂ ಮಾಡದಿರುವುದಲ್ಲ. ಸಲ್ಲಿಸಲೇಬೇಕಾಗಿದ್ದ ಒಳಿತನ್ನು ಸಲ್ಲಿಸದಿರುವುದು ಎಂದು ಸಂತ ಥಾಮಸ್ ಅಕ್ವಿನಾಸರು ವಿವೇಚಿಸುತ್ತಾರೆ. ಲೋಕದಲ್ಲಿ ಬಿದ್ದಿರುವ ಗಾಯಾಳುಗಳೆಲ್ಲರ ಋಣ ನಮ್ಮ ಮೇಲಿಲ್ಲ. ಸಮಾರಿಯದವನೂ ಜೆರಿಕೋವಿನ ದಾರಿಯ ಕಳ್ಳರನ್ನೆಲ್ಲ ಅಡಗಿಸಲು ಹೊರಟವನಲ್ಲ. ಆದರೆ ಒಮ್ಮೆ ಮುಟ್ಟಿದ ಗಾಯ ನಮ್ಮದಾಗುತ್ತದೆ. ನಮ್ಮ ಹೊರೆಯನ್ನು ಹೊತ್ತೇ ಕಾಯಿಲೆ ಬಿದ್ದವನಂತೂ ಪರಕೀಯನಲ್ಲ. ಅವನು ನಮ್ಮ ಮನೆಯವನು.

ಅವಸರ ಎಂಬ ಕುರುಡು

ಇಷ್ಟು ಸರಳವಾದುದು ನಮಗೇಕೆ ಕಾಣುವುದಿಲ್ಲ? ಒಂದು ಕಾರಣ ಅವಸರ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್ ಗುರುಮಠದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು 1973ರಲ್ಲಿ ಪ್ರಕಟಿಸಿದರು. ನಲವತ್ತು ಮಂದಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಪಕ್ಕದ ಕಟ್ಟಡಕ್ಕೆ ಹೋಗಿ ಮಾತನಾಡಲು ಕಳಿಸಲಾಯಿತು. ಕೆಲವರು ಮಾತನಾಡಬೇಕಾಗಿದ್ದದ್ದು ಇದೇ ದಯಾಳು ಸಮಾರಿಯದವನ ವಿಷಯ! ದಾರಿಯಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತಾ ನರಳುತ್ತಾ ಕುಸಿದು ಕುಳಿತಿರುವಂತೆ ಏರ್ಪಾಡು ಮಾಡಿದ್ದರು. ಅವಸರವಿಲ್ಲದೆ ಹೊರಟವರಲ್ಲಿ ಶೇಕಡಾ 63 ಮಂದಿ ನೆರವಿಗೆ ನಿಂತರು. ಹೊತ್ತಾಯಿತೆಂದು ಅವಸರಪಡಿಸಿ ಕಳಿಸಿದವರಲ್ಲಿ ನಿಂತವರು ಶೇಕಡಾ 10 ಮಾತ್ರ. ತಲೆಯಲ್ಲಿ ಸಾಮತಿಯಿತ್ತೇ ಇಲ್ಲವೇ ಎಂಬುದು ಹೇಳಿಕೊಳ್ಳುವಂತಹ ವ್ಯತ್ಯಾಸವನ್ನು ಮಾಡಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ಓದಿ ಬಂದ ನನ್ನಂಥವನು ಇದನ್ನು ತಲೆತಗ್ಗಿಸಿಯೇ ಓದಬೇಕು.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ನನ್ನ ಪಾಲನ್ನು ನಾನು ಮಾಡಿದ್ದೇನೆ ಎಂಬ ತೃಪ್ತಿ ಅದು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಸುಮಾರು ಹನ್ನೆರಡು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ, ಕಾಫಿ ತೋಟದಲ್ಲಿ ದುಡಿದು ದಣಿದ ಒಬ್ಬ ವೃದ್ಧರಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದ ಸುದ್ದಿ ಬಂದಾಗ ನಮ್ಮ ಜನ ಸುಮ್ಮನೆ ಕೂರಲಿಲ್ಲ. ಒಂದು ಕುಟುಂಬ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಔಷಧಿ ಕೊಡಿಸಿ ಮನೆಗೆ ಬಿಟ್ಟಿತು. ಮಹಿಳೆಯರು ಹತ್ತು ಕಿಲೋ ಅಕ್ಕಿ ಮತ್ತು ಕಂಬಳಿ ತಂದುಕೊಟ್ಟರು. ಯುವಕರು ಸೋರುತ್ತಿದ್ದ ಹೆಂಚು ಸರಿಪಡಿಸಿದರು. ನಾನು ಹೋಗಿ ಪರಮಪ್ರಸಾದ ನೀಡಿ, ರೋಗಿಗಳ ಅಭ್ಯಂಗ ಸಂಸ್ಕಾರವನ್ನೂ ನೆರವೇರಿಸಿದೆ. ಮುಂದಿನ ಭಾನುವಾರ ಪೀಠದಿಂದ ಇವರೆಲ್ಲರನ್ನೂ ಹೆಸರೆತ್ತಿ ಅಭಿನಂದಿಸಿದೆ ಕೂಡ. ಬುಧವಾರ ಬೆಳಗ್ಗೆ ಹಾಲು ಹಾಕುವ ಹುಡುಗ ಓಡಿಬಂದು ಕರೆದನು. ಅವರು ಸತ್ತು ಒಂದು ದಿನವಾದರೂ ಆಗಿತ್ತು. ಒಲೆಯ ಬೂದಿ ತಣ್ಣಗಿತ್ತು. ಅಕ್ಕಿಯ ಚೀಲದ ಹೊಲಿಗೆಯನ್ನು ಬಿಚ್ಚಿಯೇ ಇರಲಿಲ್ಲ. ಬೇಯಿಸಿ ಬಡಿಸುವವರು ಯಾರೆಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಮಹಿಳೆಯರು ನೋಡಿಕೊಳ್ಳುತ್ತಾರೆಂದು ಯುವಕರು, ಆಸ್ಪತ್ರೆಗೆ ಒಯ್ದ ಕುಟುಂಬದವರು ನೋಡಿಕೊಳ್ಳುತ್ತಾರೆಂದು ಮಹಿಳೆಯರು, ಎಲ್ಲರೂ ನೋಡಿಕೊಳ್ಳುತ್ತಿದ್ದಾರೆಂದು ನಾನು.

ಮೆಕಾಯ್ ಅವರನ್ನು ಓದಿದಾಗ ನನಗೆ ಕಂಡದ್ದು ಆ ಹೊಲಿಗೆ ಬಿಚ್ಚದ ಚೀಲ. ನಾನು ಹಿಮಾಲಯಕ್ಕೆ ಹೋಗಬೇಕಾಗಿರಲಿಲ್ಲ. ಆ ವೃದ್ಧರ ಮನೆ ದೇವಾಲಯದಿಂದ ಎರಡೇ ಕಿಲೋಮೀಟರ್ ದೂರದಲ್ಲಿತ್ತು.

ನಮ್ಮ ಮನೆಗಳ ಘಟ್ಟ

ಪ್ರಿಯ ಓದುಗರೇ, ನಮ್ಮ ಕುಟುಂಬಗಳಲ್ಲಿ ಇಂದು ಇದೇ ನಡೆಯುತ್ತಿದೆಯಲ್ಲವೇ? ಹಾಸಿಗೆ ಹಿಡಿದ ತಾಯಿಗೆ ನಾಲ್ವರು ಮಕ್ಕಳು. ಗಲ್ಫಿನಲ್ಲಿರುವವನು ತಿಂಗಳಿಗೆ ಹಣ ಕಳಿಸುತ್ತಾನೆ. ಬೆಂಗಳೂರಿನವಳು ಹೋಮ್ ನರ್ಸ್ ಗೊತ್ತುಮಾಡುತ್ತಾಳೆ. ಮಂಗಳೂರಿನವನು ಔಷಧಿಯ ವ್ಯವಸ್ಥೆ ನೋಡುತ್ತಾನೆ. ಊರಿನಲ್ಲಿರುವವನು ಮನೆ ಕೊಟ್ಟಿದ್ದಾನೆ. ಪ್ರತಿಯೊಬ್ಬರ ಪಾಲೂ ಸಂದಿದೆ, ಒಬ್ಬರನ್ನೂ ದೂರುವಂತಿಲ್ಲ. ಆದರೆ ಅಮ್ಮನ ಬಳಿ ಕುಳಿತು, ರಾತ್ರಿ ನಿದ್ದೆ ಬಂತೇ ಎಂದು ಕೇಳಿ, ಮರುದಿನ ಮತ್ತೆ ಬಂದು ಅದನ್ನೇ ಕೇಳುವವರು ಯಾರು? ಎಲ್ಲರೂ ಕೂಡಿ ಮಾಡುವ ಸೇವೆಯಲ್ಲಿ ಒಬ್ಬರಾದರೂ, ಇದು ನನ್ನದು, ಏನಾಯಿತೆಂದು ಕೊನೆಯವರೆಗೂ ನಾನು ಕೇಳುತ್ತೇನೆ ಎನ್ನಬೇಕು. ಹಾಗೆ ಹೇಳುವವರು ಇಲ್ಲದೆ ಹೋದರೆ, ನಮ್ಮ ಸಂಘಗಳು, ನಿಧಿಗಳು, ವಿಶೇಷ ಕಾಣಿಕೆಗಳು ಎಲ್ಲವೂ ಸೇರಿ ಬಿಸಿಲಿನ ಬಂಡೆಯ ಮೇಲೆ ಕೂರಿಸಿ ಬರುವ ಕೆಲಸವನ್ನಷ್ಟೇ ಮಾಡುತ್ತವೆ.

ಛತ್ರವೂ ಬೇಕು, ನಿಜ. ಹಿಮಾಲಯದ ಆ ಹಾದಿಯಲ್ಲಿಯೇ ಅದಕ್ಕೆ ಸಾಕ್ಷಿಯಿದೆ. 1973ರಲ್ಲಿ ಸ್ಥಾಪನೆಯಾದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಎಂಬ ಸಂಸ್ಥೆ ಮನಾಂಗಿನಲ್ಲಿ ಒಂದು ಚಿಕ್ಕ ಚಿಕಿತ್ಸಾಕೇಂದ್ರವನ್ನು ಕಟ್ಟಿದೆ. ಚಾರಣದ ಋತುಗಳಲ್ಲಿ ಸ್ವಯಂಸೇವಕ ವೈದ್ಯರು ಅಲ್ಲಿ ತಂಗಿ, ಎತ್ತರದ ಕಾಯಿಲೆಯ ಬಗ್ಗೆ ಪ್ರಯಾಣಿಕರಿಗೆ ತಿಳಿವಳಿಕೆ ನೀಡುತ್ತಾರೆ. ಹೊರೆಯಾಳುಗಳಿಗೂ ಹಳ್ಳಿಯವರಿಗೂ ಚಿಕಿತ್ಸೆ ಮಾಡುತ್ತಾರೆ. ಒಬ್ಬೊಬ್ಬರ ಕನಿಕರ ಸಾಲದಾದಾಗ ಅದಕ್ಕೊಂದು ಮನೆ ಕಟ್ಟಬೇಕಾಗುತ್ತದೆ. ಪ್ರಾಚೀನ ಕಾಲದಲ್ಲಿ ಒರಿಜೆನ್, ಸಂತ ಅಗಸ್ಟೀನ್ ಮೊದಲಾದವರು ಸಾಮತಿಯ ಛತ್ರವನ್ನು ಧರ್ಮಸಭೆಯೆಂದೂ, ಸಮಾರಿಯದವನನ್ನು ಪ್ರಭು ಕ್ರಿಸ್ತರೆಂದೂ ಅರ್ಥೈಸಿದರು. 2025ರಲ್ಲಿ ನಮ್ಮನ್ನಗಲಿದ ಜಗದ್ಗುರು ಫ್ರಾನ್ಸಿಸ್‌ರವರು 2020ರ ತಮ್ಮ 'ಫ್ರಾತೆಲ್ಲಿ ತುತ್ತಿ' ವಿಶ್ವಪತ್ರದ ಎರಡನೆಯ ಅಧ್ಯಾಯವನ್ನು ಪೂರ್ತಿಯಾಗಿ ಈ ಸಾಮತಿಗೇ ಮೀಸಲಿಟ್ಟರು. ನಾವು ಛತ್ರದವರು. ಗಾಯಾಳುಗಳನ್ನು ನಮ್ಮ ಕೈಗೊಪ್ಪಿಸಿ ಹೋದವರು ಹಿಂತಿರುಗಿ ಬರುವುದಾಗಿ ಹೇಳಿ ಹೋಗಿದ್ದಾರೆ. ಬಂದಾಗ ಅವರು ನಮ್ಮ ಖರ್ಚಿನ ಪಟ್ಟಿಯನ್ನು ಕೇಳುವ ಮೊದಲು, ಆ ಮನುಷ್ಯ ಹೇಗಿದ್ದಾನೆಂದು ಕೇಳುವರು.

ಒಂದು ದೂರವಾಣಿ ಕರೆ

ಮುಂದಿನ ಭಾನುವಾರ ನಾನು ಆ ಯುವಕನನ್ನು ಕರೆದು, ನನ್ನ ಮೊದಲ ಉತ್ತರವನ್ನು ಹಿಂತೆಗೆದುಕೊಂಡೆ. "ಆ ಮನುಷ್ಯನ ಹೆಸರೇನು?" ಎಂದು ಕೇಳಿದೆ. ಅವನು ಕ್ಷಣಕಾಲ ಸುಮ್ಮನಿದ್ದು, "ನಾವೆಲ್ಲ 'ದಾಯ್' ಎನ್ನುತ್ತಿದ್ದೆವು, ಫಾದರ್" ಎಂದನು. ನೇಪಾಳಿಯಲ್ಲಿ ದಾಯ್ ಎಂದರೆ ಅಣ್ಣ. ಹನ್ನೊಂದು ದಿನ ಅಣ್ಣನೆಂದು ಕರೆದವನ ಹೆಸರು ನಾಲ್ವರಲ್ಲಿ ಯಾರಿಗೂ ಗೊತ್ತಿರಲಿಲ್ಲ. "ತಪ್ಪೋ ಸರಿಯೋ ಎಂಬುದನ್ನು ಆಮೇಲೆ ಯೋಚಿಸೋಣ. ಮೊದಲು ಅವರು ಹೇಗಿದ್ದಾರೆಂದು ವಿಚಾರಿಸು" ಎಂದೆ.

ವಿಚಾರಿಸಲು ಮೂರು ವಾರ ಹಿಡಿಯಿತು. ಗೈಡ್‌ನಿಂದ ಒಂದು ಸಂಖ್ಯೆ, ಅಲ್ಲಿಂದ ಇನ್ನೊಂದು ಸಂಖ್ಯೆ, ಕೊನೆಗೆ ತಗ್ಗಿನ ಹಳ್ಳಿಯೊಂದರ ಅಂಗಡಿಯ ಫೋನು. ಆ ದಿನ ಸಂಜೆ ಯುವಕ ಓಡೋಡಿ ಬಂದನು. ಹೊರೆಯಾಳು ಬದುಕಿದ್ದರು. ಇಳಿಯುವಾಗ ದಾರಿಯಲ್ಲಿ ಬಿದ್ದುಹೋಗಿದ್ದರಂತೆ. ಮೇಯಿಸಲು ಬಂದಿದ್ದ ಒಬ್ಬ ಯಾಕ್ ಕಾಯುವವನು ಅವರನ್ನು ಕೈಹಿಡಿದು ಮನಾಂಗಿನವರೆಗೆ ನಡೆಸಿ, ಎರಡು ರಾತ್ರಿ ತನ್ನ ಮನೆಯಲ್ಲಿಟ್ಟುಕೊಂಡಿದ್ದನಂತೆ. ಯುವಕ ತಾನು ಯಾರೆಂದು ಹೇಳಿದಾಗ, ಹೊರೆಯಾಳಿಗೆ ಮೊದಲು ಗುರುತು ಹತ್ತಲಿಲ್ಲ. ಗುರುತು ಹತ್ತಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ನೀವು ನಾಲ್ಕೂ ಜನ ಸುರಕ್ಷಿತವಾಗಿ ಘಟ್ಟ ದಾಟಿದಿರಾ?"

ಅದನ್ನು ಹೇಳುವಾಗ ಯುವಕನ ಗಂಟಲು ಕಟ್ಟಿತು. ಅವನು ಈಗ ಅವರ ಹೆಸರನ್ನು ಬಲ್ಲನು, ತಿಂಗಳಿಗೊಮ್ಮೆ ಮಾತನಾಡುತ್ತಾನೆ. ಎಲ್ಲ ಪ್ರಸಂಗಗಳೂ ಹೀಗೆ ಒಳ್ಳೆಯದಾಗಿ ಮುಗಿಯುವುದಿಲ್ಲ. ನಾನು ಕರೆ ಮಾಡಿ ವಿಚಾರಿಸಬೇಕಾದವರು ಈಗ ಫೋನಿಗೆ ಸಿಗುವವರಲ್ಲ. ಪ್ರತಿ ವರ್ಷ ನವೆಂಬರ್ 2ರಂದು, ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ, ಅವರ ಹೆಸರು ಹೇಳಿ ಬಲಿಪೂಜೆ ಅರ್ಪಿಸುತ್ತೇನೆ. ಉಳಿದ ದಿನಗಳಲ್ಲಿ, ಯಾವುದೇ ರೋಗಿಯ ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು, ಮತ್ತೆ ಯಾವ ದಿನ ಬರುತ್ತೇನೆಂದು ಹೇಳಿ ಹೊರಡುತ್ತೇನೆ. ಹೇಳಿದ ದಿನ ಹೋಗುತ್ತೇನೆ. ಈ ವಾರ ನೀವೂ ಯಾರದೋ ಮನೆಯ ಬಾಗಿಲಲ್ಲಿ ನಿಂತು ಅದೇ ಮಾತನ್ನು ಹೇಳಿ ಬರುವಿರೆಂದು ನಂಬಿದ್ದೇನೆ.